ನಾಲ್ಕು ನಿಮಿಷ ಹತ್ತು ಸೆಕೆಂಡ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಶಾಲೆಗೂ ಗೊತ್ತು, ಮನೆಗೂ ಗೊತ್ತು, ನಮ್ಮ ಬೀದಿಗೆ ಹಾಲು ಹಾಕುವವನಿಗೂ ಗೊತ್ತು. ಇಪ್ಪತ್ತಾರು ವರ್ಷದ ಪಾಠದಲ್ಲಿ ಆ ಕೋಪವನ್ನು ಮಕ್ಕಳ ಮೇಲೆ ತೋರಿಸಿದ್ದು ಎರಡೇ ಸಲ. ಎರಡು ಸಲವೂ ಮರುದಿನ ಇಡೀ ತರಗತಿಯ ಎದುರು ತಪ್ಪಾಯಿತು ಎಂದಿದ್ದೇನೆ. ದೊಡ್ಡವರ ಹತ್ತಿರ ಆ ಮಾತು ಆಡಿದ ನೆನಪಿಲ್ಲ. ಈ ಕತೆಯಲ್ಲೂ ಆಡುವುದಿಲ್ಲ.

ಈ ವರ್ಷ ನಮ್ಮ ಶಾಲೆಗೆ ಹದಿನೆಂಟು ಹಿತ್ತಾಳೆ ಗಂಟೆಗಳು ಬಂದವು, ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು. ಮೇಜಿನ ಮೇಲಿಟ್ಟು ನೆತ್ತಿಗೆ ತಟ್ಟಿದರೆ ಟಿಣ್ ಎನ್ನುವಂಥವು. ಅವನ್ನು ಯಾವಾಗ ತಟ್ಟಬೇಕೆಂದು ಹೇಳಿಕೊಡಲು ಒಬ್ಬ ತರಬೇತುದಾರರೂ ಬಂದರು. ನೋಡಲು ಲಕ್ಷಣವಾಗಿದ್ದರು, ಮಾತು ಮೆತ್ತಗೆ, ಶೂ ಬೆಳ್ಳಗೆ. ಪಾಠ ಮಾಡಿದ್ದು ಒಟ್ಟು ಎರಡು ವರ್ಷ, ಪಾಠ ಮಾಡುವುದು ಹೇಗೆಂದು ಹೇಳಿಕೊಡಲು ಶುರುಮಾಡಿ ಒಂಬತ್ತು ವರ್ಷ. ಚಹಾ ಕುಡಿಯುವ ಹೊತ್ತಿಗೆಲ್ಲ ನಾವು ಅವರಿಗೆ ಗಂಟೆರಾಯರು ಎಂದು ಹೆಸರಿಟ್ಟಿದ್ದೆವು.

ಅವರು ತಂದದ್ದರ ಹೆಸರು ಹೊಸ ಕಲಿಕಾ ವಿನ್ಯಾಸ. ನಲವತ್ತು ನಿಮಿಷದ ಪಾಠವನ್ನು ಮೂರು ಮೂರು ನಿಮಿಷದ ತುಂಡು ಮಾಡಬೇಕು. ಪ್ರತಿ ತುಂಡಿಗೂ ಒಂದು ಚಟುವಟಿಕೆ. ತುಂಡು ಮುಗಿದ ತಕ್ಷಣ ಟಿಣ್, ಮುಂದಿನದಕ್ಕೆ ಹಾರಬೇಕು. ಪಾಠ ನೋಡಲು ಬರುವವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ನಾಲ್ಕು ಕಲಂ: ಮಕ್ಕಳು ಮಾತಾಡುತ್ತಿದ್ದಾರೆ, ಮಕ್ಕಳು ಬರೆಯುತ್ತಿದ್ದಾರೆ, ಮಕ್ಕಳು ಓಡಾಡುತ್ತಿದ್ದಾರೆ, ಏನೂ ನಡೆಯುತ್ತಿಲ್ಲ. ಅರ್ಧ ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ ಯಾವುದಾದರೂ ಒಂದಕ್ಕೆ ಟಿಕ್ ಹಾಕುತ್ತಾರೆ.

"ಸರ್, ಮಕ್ಕಳು ಯೋಚನೆ ಮಾಡ್ತಿದ್ರೆ ಯಾವ ಕಲಂ?" ಎಂದು ಕೇಳಿದೆ.

"ಯೋಚನೆ ಕಣ್ಣಿಗೆ ಕಾಣ್ಬೇಕಲ್ಲ ಮೇಡಂ," ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಹೊಸದು ಎಂದರೆ ಮೂಗು ಮುರಿಯುವ ಹಳೇ ಹೆಂಗಸು ಎಂದು ನೀವು ಅಂದುಕೊಂಡರೆ ನನಗೆ ಇನ್ನಷ್ಟು ಕೋಪ ಬರುತ್ತದೆ. ನಾನು ಗಣಿತ ಹೇಳುವ ರೀತಿಯನ್ನೇ ಮೂರು ಸಲ ಬುಡಮಟ್ಟ ಬದಲಿಸಿಕೊಂಡವಳು. ಕೆಲಸಕ್ಕೆ ಸೇರಿದ ಏಳನೇ ವರ್ಷ, ನನ್ನ ಪಾಠ ಹೇಗಿದೆ ಕೇಳೋಣ ಎಂದು ತಮ್ಮನ ಟೇಪ್ ರೆಕಾರ್ಡರನ್ನು ಬ್ಯಾಗಿನಲ್ಲಿಟ್ಟುಕೊಂಡು ತರಗತಿಗೆ ಹೋಗಿದ್ದೆ. ಮನೆಗೆ ಬಂದು ಹಾಕಿ ಕೇಳಿದರೆ ಜೀವ ಬಾಯಿಗೆ ಬಂತು. ಪ್ರಶ್ನೆ ಕೇಳುತ್ತೇನೆ, ಒಂದೇ ಒಂದು ಸೆಕೆಂಡು, ಉತ್ತರವನ್ನು ನಾನೇ ಹೇಳಿಬಿಡುತ್ತೇನೆ. ಇಡೀ ಪಾಠ ಹೀಗೆಯೇ. ಇಲ್ಲವಾದರೆ ಮುಂದಿನ ಬೆಂಚಿನ ಮೂವರು ಹೇಳುತ್ತಾರೆ, ನಾನು ಭೇಷ್ ಅನ್ನುತ್ತೇನೆ. ಉಳಿದ ನಲವತ್ತು ಮಕ್ಕಳು ಏನು ಮಾಡುತ್ತಿದ್ದರು? ಅಂದು ನಾಚಿಕೆಯಿಂದ ಸತ್ತಿದ್ದೆ.

ಕಾಯುವುದನ್ನು ಕಲಿಯಲು ನನಗೆ ಆರು ವರ್ಷ ಬೇಕಾಯಿತು. ಮೊದಲು ಐದರವರೆಗೆ ಎಣಿಸುತ್ತಿದ್ದೆ, ಆಮೇಲೆ ಇಪ್ಪತ್ತು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ಕೊನೆಗೆ ನನ್ನ ತರಗತಿಯಲ್ಲಿ ಒಂದು ಪದ್ಧತಿ ಹುಟ್ಟಿತು. ನಾನು "ಆಯ್ತಾ?" ಎಂದು ಕೇಳಿದಾಗ ಯಾವ ಮಗು ಬೇಕಾದರೂ "ಇನ್ನೂ ಆಗಿಲ್ಲ" ಅನ್ನಬಹುದು. ಒಬ್ಬರು ಅಂದರೂ ಸಾಕು, ಎಲ್ಲರೂ ಕಾಯಬೇಕು, ನಾನೂ ಕಾಯಬೇಕು. ಯಾರೂ ಗೊಣಗುವಂತಿಲ್ಲ. ಇವತ್ತು ಗೊಣಗಿದವನಿಗೇ ನಾಳೆ ಅದು ಬೇಕಾಗುತ್ತದೆ ಎನ್ನುವುದು ಆರನೇ ತರಗತಿಯ ಮಕ್ಕಳಿಗೆ ಅರ್ಥವಾಗಿತ್ತು.

ಆ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ಐದನೇ ತರಗತಿಯಿಂದಲೂ ನನ್ನ ಹತ್ತಿರ ಕಲಿಯುತ್ತಿದ್ದವಳು, ಜೊತೆಯವರು ಆಮೆ ಅನ್ನುತ್ತಿದ್ದರು. ನಾನು ಗದರಿಸಲು ಹೋದರೆ ಅವಳೇ, "ಇರ್ಲಿ ಬಿಡಿ ಟೀಚರ್, ಆಮೆ ಚೆನ್ನಾಗಿರುತ್ತೆ," ಅಂದಿದ್ದಳು. ಎರಡು ವರ್ಷದಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದೇ. ಪ್ರಶ್ನೆಗೆ ಕೈಯೆತ್ತಿದವಳಲ್ಲ, "ಇನ್ನೂ ಆಗಿಲ್ಲ" ಎಂದವಳೂ ಅಲ್ಲ. ಆಗದಿದ್ದರೂ ಆದವಳಂತೆ ಪೆನ್ಸಿಲ್ ಕೆಳಗಿಟ್ಟು ಕೂರುತ್ತಿದ್ದಳು. ನನಗೆ ಸಂಕಟವಾಗುತ್ತಿದ್ದದ್ದು ಅದಕ್ಕೇ. ಈ ವರ್ಷ ಅವಳ ತುಟಿ ಅಲ್ಲಾಡಲು ಶುರುವಾಗಿತ್ತು. ಇನ್ನೊಂದು ನಾಲ್ಕು ತಿಂಗಳು ಸಿಕ್ಕರೆ ಮಾತು ಹೊರಗೆ ಬರುತ್ತದೆ ಎಂದು ನನಗೆ ಖಾತ್ರಿಯಿತ್ತು. ನನಗೆ ಬೇಕಾಗಿದ್ದದ್ದು ಆ ನಾಲ್ಕು ತಿಂಗಳು, ಬೇರೇನಲ್ಲ.

ಅಷ್ಟರಲ್ಲಿ ನನ್ನ ಪಾಠ ನೋಡುವ ದಿನ ಬಂತು. ಹೆಡ್‌ಮಾಸ್ಟರು ಹಿಂದಿನ ದಿನವೇ ಕರೆದು, "ಹಾಳೆಯಲ್ಲಿ ನಲವತ್ತಕ್ಕೆ ಇಪ್ಪತ್ತು ಅಂಕ ಬಂದ್ರೆ ಸಾಕು. ಬರ್ಲಿಲ್ಲ ಅಂದ್ರೆ ಆರನೇ ತರಗತಿ ಹೊಸ ಮೇಷ್ಟ್ರಿಗೆ ಕೊಡ್ಬೇಕಾಗುತ್ತೆ. ದಯವಿಟ್ಟು ಗಂಟೆ ಹೊಡೀರಿ," ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯತನದ ಜೊತೆ ಒಂದಿಷ್ಟು ಬೆನ್ನುಮೂಳೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಾನು ಹೊಡೆಯುತ್ತೇನೆ ಎಂದೇ ತೀರ್ಮಾನಿಸಿದ್ದೆ. ತರಗತಿ ಉಳಿಯಬೇಕಲ್ಲ, ಒಂದು ದಿನ ಮಂಗನ ಹಾಗೆ ಕುಣಿದರೆ ಏನಂತೆ! ಗಂಟೆರಾಯರು ಬಾಗಿಲ ಪಕ್ಕ ಹಾಳೆ ಹಿಡಿದು ಕುಳಿತರು. ಅವರ ಜೊತೆಗೆ ಬಂದವರು ಮುಂದಿನ ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿ ಮಕ್ಕಳ ಕಡೆ ತಿರುಗಿಸಿದರು. ಮೊದಲ ಮೂರು ತುಂಡು ಚೆನ್ನಾಗಿಯೇ ಹೋಯಿತು. ಮಕ್ಕಳು ಕಾಗದದ ಪಟ್ಟಿ ಮಡಿಸಿದರು, ಓಡಾಡಿದರು, ಕೂಗಾಡಿದರು. ಟಿಣ್, ಟಿಣ್, ಟಿಣ್. ರಾಯರ ಮುಖ ಅರಳಿತು.

ನಾಲ್ಕನೇ ತುಂಡಿಗೆ ನಾನು ಕೇಳಿದೆ, "ಅರ್ಧ ಗೊತ್ತು. ಮೂರರಲ್ಲಿ ಒಂದು ಭಾಗಾನೂ ಗೊತ್ತು. ಇವೆರಡರ ನಡುವೆ ಇನ್ನೊಂದು ಭಿನ್ನರಾಶಿ ಇದೆಯಾ?"

ತರಗತಿ ತಣ್ಣಗಾಯಿತು. ಹಿಂದಿನ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ಕೆಂಪು ಮುಳ್ಳು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ರಾಯರ ಪೆನ್ನು ಮತ್ತೆ ಮತ್ತೆ ಒಂದೇ ಕಲಂಗೆ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಮೂರು ನಿಮಿಷವಾಗುತ್ತಿದ್ದಂತೆ "ಆಯ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗಂಟೆಯ ಮೇಲೆ ಕೈ ಎತ್ತಿದೆ. ಸುಳ್ಳು ಹೇಳುವುದಿಲ್ಲ, ಎತ್ತಿದೆ.

"ಇನ್ನೂ ಆಗಿಲ್ಲ ಟೀಚರ್."

ಆಮೆ. ತಲೆ ಕೂಡ ಎತ್ತಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ತನ್ನ ಹಕ್ಕು ಕೇಳಿದ್ದಳು, ಕೇಳಿದ್ದು ಇವತ್ತೇ, ಈ ಕ್ಯಾಮೆರಾದ ಎದುರೇ! ನನ್ನ ಕೈ ಅಲ್ಲೇ ನಿಂತಿತು. ಆ ಗಂಟೆ ಹೊಡೆದರೆ ನಾನು ಬದುಕಿರುವವರೆಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಕೈಯನ್ನು ಹಿಂದಕ್ಕೆ ತಂದು ಸೆರಗಿನಲ್ಲಿ ಕಟ್ಟಿಕೊಂಡೆ. ಹನ್ನೊಂದು ಹದಿನಾಲ್ಕು ದಾಟಿ ಹತ್ತು ಸೆಕೆಂಡಿಗೆ ಅವಳು ಎದ್ದು ನಿಂತಳು.

"ಇದೆ ಟೀಚರ್! ಹನ್ನೆರಡರಲ್ಲಿ ಐದು." ಸ್ವಲ್ಪ ಹೊತ್ತು ಬಿಟ್ಟು, ಗುಟ್ಟು ಹೇಳುವವಳಂತೆ, "ಆದ್ರೆ ಅದರ ನಡುವೇನೂ ಇನ್ನೊಂದು ಇರುತ್ತೆ. ಎಷ್ಟು ಸಣ್ಣ ಮಾಡಿದ್ರೂ ನಡುವೆ ಏನೋ ಒಂದು ಇದ್ದೇ ಇರುತ್ತೆ, ಅಲ್ವಾ?"

ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ತಾನೇ ಕಂಡುಹಿಡಿದ ಮಕ್ಕಳು ನನಗೆ ಸಿಕ್ಕಿದ್ದು ಮೂವರು. ಇವಳು ಮೂರನೆಯವಳು. ಅವಳ ತಲೆ ಸವರಿ ಕೂರಿಸಿದೆ. ಉಳಿದ ಚಟುವಟಿಕೆಗಳೆಲ್ಲ ಅಡ್ಡಾದಿಡ್ಡಿಯಾದವು, ಆಗಲಿ ಬಿಡಿ.

ನಲವತ್ತಕ್ಕೆ ಹನ್ನೊಂದು ಬಂತು. ಹಾಳೆಯಲ್ಲಿ "ಏನೂ ನಡೆಯುತ್ತಿಲ್ಲ" ಕಲಂನಲ್ಲಿ ಸಾಲಾಗಿ ಎಂಟು ಟಿಕ್. ಕೆಳಗೆ ಷರಾ: ದೀರ್ಘ ನಿಷ್ಕ್ರಿಯತೆ, ಶಿಕ್ಷಕರಿಗೆ ಮರುತರಬೇತಿ ಅಗತ್ಯ. ಓದುತ್ತಿದ್ದಂತೆ ಪಿತ್ತ ನೆತ್ತಿಗೇರಿತು.

"ಹತ್ತು ದಿನದ ತರಬೇತಿ, ಅಷ್ಟೇ," ಎಂದರು ಹೆಡ್‌ಮಾಸ್ಟರು, ಕಿಟಕಿಯ ಕಡೆ ನೋಡುತ್ತ. "ಕೊನೇ ದಿನ ಅವರು ಸಹಿ ಹಾಕಿದ ಹಾಳೆ ತಂದುಕೊಡಿ, ಆರನೇ ತರಗತಿ ನಿಮ್ಮದೇ. ಅಲ್ಲೀವರ್ಗೂ ಹೊಸ ಮೇಷ್ಟ್ರು ನೋಡ್ಕೋತಾರೆ."

"ಸಹಿ ಹಾಕ್ಲಿಲ್ಲ ಅಂದ್ರೆ?"

"ಲೈಬ್ರರಿಗೆ ಯಾರಾದ್ರೂ ಬೇಕಿತ್ತು," ಎಂದು ಮೆಲ್ಲಗೆ ಹೇಳಿದರು.

ಮನೆಯಲ್ಲಿ ಅತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದವರು, ಈಗ ಕಣ್ಣು ಮಂಜಾದರೂ ದಿಂಬಿನ ಚೀಲವನ್ನಾದರೂ ಹೊಲಿಯದೆ ಇರಲಾರರು. ನಾನು ಪಾತ್ರೆಗಳನ್ನು ಕುಕ್ಕಿದ ಸದ್ದಿನಲ್ಲೇ ಅವರಿಗೆ ಅರ್ಧ ವಿಷಯ ತಿಳಿದಿತ್ತು. ಉಳಿದರ್ಧ ನಾನು ಹೇಳಿದೆ.

"ಎಷ್ಟು ನಿಮಿಷ ಅಂದೆ?"

"ಮೂರು ನಿಮಿಷಕ್ಕೊಂದು ಗಂಟೆ ಅತ್ತೆ."

"ನಂಗೆ ಸೂಜಿಗೆ ದಾರ ಪೋಣಿಸೋಕೇ ಐದು ನಿಮಿಷ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ?" ಪೆಡಲು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನೋಡು ಮಗಳೇ, ನಿನ್ನ ಬಾಯಿ ನಂಗೆ ಗೊತ್ತು. ಆ ಹುಡುಗಿ ಬೇಕು ಅಂದ್ರೆ ಹತ್ತು ದಿನ ಬಾಯಿಗೆ ಹೊಲಿಗೆ ಹಾಕ್ಕೋ. ಸಹಿ ಆದ್ಮೇಲೆ ಬಿಚ್ಚು. ಬೇಕಾದ್ರೆ ನಾನೇ ಬಂದು ಬಿಚ್ಚಿಕೊಡ್ತೀನಿ."

ಹಾಕಿಕೊಂಡೆ. ಆರು ದಿನ ಆ ಸಭಾಂಗಣದಲ್ಲಿ, ಅರವತ್ತು ಜನ ಶಿಕ್ಷಕರ ಜೊತೆ, ಹಲ್ಲು ಕಚ್ಚಿ ಕುಳಿತೆ. ಐವತ್ತು ದಾಟಿದವಳು ನಾನು, ಬಣ್ಣದ ಚೀಟಿಯ ಮೇಲೆ "ನನ್ನ ಇವತ್ತಿನ ಭಾವನೆ" ಬರೆದು ಗೋಡೆಗೆ ಅಂಟಿಸಿದೆ. ಎದ್ದು ನಿಂತು ಚಪ್ಪಾಳೆಯಲ್ಲಿ ಮಳೆಯ ಸದ್ದು ಮಾಡಿದೆ. ಪಕ್ಕದಲ್ಲಿ ಕೂರುತ್ತಿದ್ದ ಬೇರೊಂದು ಶಾಲೆಯ ಮರಗೆಲಸದ ಮೇಷ್ಟ್ರು, ನಿವೃತ್ತಿಗೆ ಏಳು ತಿಂಗಳಿದ್ದವರು, "ಮೇಡಂ, ರಿಟೈರ್ ಆಗೋ ಹೊತ್ತಿಗೆ ನಮ್ಮನ್ನ ಪೂರ್ತಿ ಬೆಳೆಸಿಬಿಡ್ತಾರೆ ಅನ್ಸುತ್ತೆ," ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಮರ ಒಣಗದೆ ಉಳಿ ಹಾಕಿದರೆ ಸೀಳುತ್ತದೆ ಎಂದು ಮಕ್ಕಳಿಗೆ ಕಲಿಸಲು ಅವರು ಮೊದಲ ತಿಂಗಳು ಉಳಿಯನ್ನೇ ಕೊಡುತ್ತಿರಲಿಲ್ಲವಂತೆ. ಅವರಿಗೆ ನಲವತ್ತಕ್ಕೆ ಒಂಬತ್ತು ಬಂದಿತ್ತು.

ಏಳನೇ ದಿನ ಗಂಟೆರಾಯರು ದೀಪ ಆರಿಸಿ, "ಈಗ ಒಂದು ಯಶಸ್ವಿ ತರಗತಿ ನೋಡೋಣ. ನಮ್ಮ ವಿನ್ಯಾಸದಿಂದ ಮಕ್ಕಳು ಎಷ್ಟು ಚುರುಕಾಗಿದ್ದಾರೆ ಗಮನಿಸಿ," ಎಂದರು.

ಪರದೆಯ ಮೇಲೆ ನನ್ನ ಮಕ್ಕಳು. ಕಾಗದದ ಪಟ್ಟಿ, ಓಡಾಟ, ಗದ್ದಲ. ಆಮೇಲೆ ನನ್ನ ಧ್ವನಿ, "ಇವೆರಡರ ನಡುವೆ ಇನ್ನೊಂದು ಭಿನ್ನರಾಶಿ ಇದೆಯಾ?" ಕೂಡಲೇ ಟಿಣ್. ಕೂಡಲೇ ಆಮೆ ಎದ್ದು, "ಇದೆ ಟೀಚರ್! ಹನ್ನೆರಡರಲ್ಲಿ ಐದು." ಅಲ್ಲಿಗೆ ಮುಗಿಯಿತು. ಸಭಾಂಗಣ ಚಪ್ಪಾಳೆ ತಟ್ಟಿತು.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದರು. ನಾಲ್ಕು ನಿಮಿಷ ಹತ್ತು ಸೆಕೆಂಡ್ ಇಲ್ಲ. "ಇನ್ನೂ ಆಗಿಲ್ಲ" ಇಲ್ಲ. ಅವಳ ಕೊನೆಯ ಮಾತೂ ಇಲ್ಲ. ನಾನು ಹೊಡೆಯದ ಗಂಟೆಯನ್ನು ತಂದು ನಡುವೆ ತುರುಕಿದ್ದಾರೆ! ಯಾವ ಮೌನಕ್ಕಾಗಿ ನನ್ನ ತರಗತಿ ಕಿತ್ತುಕೊಂಡರೋ ಅದೇ ಮೌನದ ಫಲವನ್ನು ತಟ್ಟೆಯಲ್ಲಿಟ್ಟು, ನೋಡಿ ನಮ್ಮ ಅಡುಗೆ ಅನ್ನುತ್ತಿದ್ದಾರೆ. ಇನ್ನು ಮೂರೇ ದಿನ, ಸಹಿ, ಆಮೆ, ಬಾಯಿಗೆ ಹೊಲಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ದೇವರಾಣೆಗೂ ಹೇಳಿಕೊಂಡೆ. ಅಷ್ಟರಲ್ಲಿ ಎದ್ದು ನಿಂತಾಗಿತ್ತು.

"ಸರ್, ಇನ್ನೊಂದ್ ಸಲ ಹಾಕಿ. ಎಲ್ಲರೂ ಅದರಲ್ಲಿರೋ ಹಿಂದಿನ ಗೋಡೆ ಗಡಿಯಾರ ನೋಡಿ."

ಅವರು ಏನೋ ಒಳ್ಳೆಯದಕ್ಕೆ ಎಂದುಕೊಂಡು ಹಾಕಿದರು. ನನ್ನ ಪ್ರಶ್ನೆಯ ಹೊತ್ತಿಗೆ ಹನ್ನೊಂದು ಹತ್ತು. ಟಿಣ್. ಆಮೆಯ ತಲೆಯ ಮೇಲಿದ್ದ ಗಡಿಯಾರದಲ್ಲಿ ಹನ್ನೊಂದು ಹದಿನಾಲ್ಕು. ಮೌನ ತೆಗೆದವರಿಗೆ ಗಡಿಯಾರ ತೆಗೆಯಬೇಕೆಂದು ಹೊಳೆದಿರಲಿಲ್ಲ. ಮರಗೆಲಸದ ಮೇಷ್ಟ್ರು ಗಟ್ಟಿಯಾಗಿ ನಕ್ಕರು.

"ಆ ನಾಲ್ಕು ನಿಮಿಷ ಎಲ್ಲಿ ಸರ್?"

"ನೋಡಿ ಮೇಡಂ," ಎಂದರು ಗಂಟೆರಾಯರು, ಮಗುವಿಗೆ ಸಮಾಧಾನ ಹೇಳುವವರಂತೆ. "ನಡುವೆ ಏನೂ ಇರ್ಲಿಲ್ಲ. ಅದಕ್ಕೇ ತೆಗೆದ್ವಿ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು, ಅದೇ ನನ್ನನ್ನು ಇನ್ನಷ್ಟು ಉರಿಸಿತು. ಅವರು ನಿಜವಾಗಿಯೂ ಏನೂ ಕಂಡಿರಲಿಲ್ಲ. ಅರ್ಧ ನಿಮಿಷಕ್ಕೊಮ್ಮೆ ತಲೆಯೆತ್ತಿ, ಎಂಟು ಸಲ ಅದೇ ಮಗುವನ್ನು ನೋಡಿ, ಎಂಟು ಸಲವೂ ಏನೂ ಕಂಡಿರಲಿಲ್ಲ.

"ಏನೂ ಇರ್ಲಿಲ್ವಾ? ನಾನು ಹೇಳ್ತೀನಿ ಏನಿತ್ತು ಅಂತ. ಮೊದಲನೇ ನಿಮಿಷ ಅವಳು ಎರಡೂ ಪಟ್ಟಿ ಆರಾರು ಭಾಗ ಮಾಡಿದ್ಲು. ಮೂರರಲ್ಲಿ ಒಂದಕ್ಕೆ ಎರಡು ಭಾಗ ಬಂತು, ಅರ್ಧಕ್ಕೆ ಮೂರು. ಎರಡು, ಮೂರರ ನಡುವೆ ಏನೂ ಇಲ್ಲ. ಅವಳ ಮುಖ ಬಾಡಿತು. ಪೆನ್ಸಿಲ್ ಕೆಳಗಿಟ್ಲು. ನಿಮ್ಮ ಹಾಗೇ ಅಂದ್ಕೊಂಡ್ಲು ಸರ್, ನಡುವೆ ಏನೂ ಇಲ್ಲ ಅಂತ! ಬೇರೆ ದಿನ ಆಗಿದ್ರೆ ಅಲ್ಲೇ ಬಿಡ್ತಿದ್ಲು. ಅವತ್ತು ಬಿಡ್ಲಿಲ್ಲ. ಎರಡನೇ ನಿಮಿಷ ಪಟ್ಟಿ ಕಣ್ಣ ಹತ್ರ ಹಿಡಿದು ನೋಡ್ತಾನೇ ಇದ್ಲು. ಮೂರನೇದು..."

ಟಿಣ್.

"ನಿಮ್ಮ ಸಮಯ ಮುಗೀತು ಮೇಡಂ," ಎಂದರು ಗಂಟೆರಾಯರು. ಬೆರಳು ಇನ್ನೂ ಗಂಟೆಯ ಮೇಲೆಯೇ ಇತ್ತು. "ನಿಮ್ಮ ಹಾಳೆಗೆ ನನ್ನ ಸಹಿ ಬಾಕಿ ಇದೆ ಅನ್ನೋದು ನೆನಪಿರ್ಲಿ."

ಅರವತ್ತು ಜನ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ, ಸಾಕು ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಕೂರಬೇಕಿತ್ತು, ಅದು ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

"ಇನ್ನೂ ಆಗಿಲ್ಲ," ಎಂದೆ. "ಮೂರನೇ ನಿಮಿಷ ಅವಳು ಆ ಆರು ಭಾಗಾನ ಒಂದೊಂದಾಗಿ ಮತ್ತೆ ಮಡಿಸಿದ್ಲು. ಹನ್ನೆರಡಾಯ್ತು. ಈಗ ಒಂದ್ಕಡೆ ನಾಲ್ಕು, ಇನ್ನೊಂದ್ಕಡೆ ಆರು. ನಡುವೆ ಐದು ಕೂತಿದೆ! ನಾನು ಆಗ ಗಂಟೆ ಹೊಡೀಬೇಕಿತ್ತು ನಿಮ್ಮ ಲೆಕ್ಕದಲ್ಲಿ. ಅವಳು ಆಗಿಲ್ಲ ಅಂದ್ಲು. ಎರಡು ವರ್ಷದಲ್ಲಿ ಮೊದಲ್ನೇ ಸಲ ಒಂದು ಮಗು ತನಗೆ ಸಮಯ ಬೇಕು ಅಂತ ಬಾಯಿಬಿಟ್ಟು ಕೇಳ್ತು. ಉತ್ತರ ಸಿಕ್ಕಿತ್ತು ಸರ್ ಅವಳಿಗೆ, ಆದ್ರೂ ಆಗಿಲ್ಲ ಅಂದ್ಲು, ಯಾಕಂದ್ರೆ ಅದಕ್ಕಿಂತ ದೊಡ್ಡದೇನೋ ಕಾಣ್ತಿತ್ತು. ನಾಲ್ಕನೇ ನಿಮಿಷದಲ್ಲಿ ಅದು ಸಿಕ್ತು. ಅದನ್ನೂ ಕತ್ತರಿಸಿ ಬಿಸಾಕಿದ್ದೀರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿಮ್ಮ ಕೈಯಲ್ಲಿರೋದು ಗಂಟೆ ಅಲ್ಲ, ದೊಣ್ಣೆ. ಈಗ ಆಯ್ತು."

ಕುಳಿತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮರಗೆಲಸದ ಮೇಷ್ಟ್ರು ತಮ್ಮ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು, ಅಷ್ಟೆ. ಗಂಟೆರಾಯರು ದೀಪ ಹಾಕಿ ಚಹಾಕ್ಕೆ ಬಿಟ್ಟರು. ಹತ್ತನೇ ದಿನ ನನ್ನ ಹಾಳೆ ವಾಪಸು ಬಂತು. ಸಹಿಯ ಜಾಗ ಖಾಲಿ. ಷರಾ: ಬೆಳವಣಿಗೆಗೆ ಮನಸ್ಸು ತೆರೆದಿಲ್ಲ.

ಅತ್ತೆ ಹಾಳೆಯನ್ನು ಕಣ್ಣಿನ ಹತ್ತಿರ ತಂದು ನೋಡಿ, ಆಗದೆ ನನ್ನಿಂದ ಎರಡು ಸಲ ಓದಿಸಿಕೊಂಡು, "ಹೊಲಿಗೆ ಬಿಚ್ಕೊಂಡ್ಯಾ?" ಎಂದು ಕೇಳಿದರು.

"ತಾನೇ ಬಿಚ್ಚಿತು ಅತ್ತೆ."

"ಆ ಹುಡುಗಿ?"

ನನಗೆ ಆಗ ಅಳು ಬಂತು. ಅತ್ತೆ ಮಡಿಸಿಟ್ಟ ದಿಂಬಿನ ಚೀಲವೊಂದನ್ನು ಮೂಗು ಒರೆಸಿಕೋ ಎಂದು ಕೊಟ್ಟರು.

ಹೀಗೆ ನಾನು ಲೈಬ್ರರಿಗೆ ಬಂದೆ. ಅದು ಮೆಟ್ಟಿಲ ಕೆಳಗಿನ ಕೋಣೆ, ಎರಡು ಕಪಾಟು, ಒಂದು ಕಿಟಕಿ. ಬೀಗದ ಕೈ ತರಲು ಹೆಡ್‌ಮಾಸ್ಟರ ಕೋಣೆಗೆ ಹೋಗಬೇಕಾದರೆ ಆರನೇ ತರಗತಿಯನ್ನು ದಾಟಬೇಕು. ಮೊದಲ ನಾಲ್ಕು ದಿನ ಸುತ್ತು ಹಾಕಿ ಮೈದಾನದ ಕಡೆಯಿಂದ ಹೋದೆ. ಐದನೇ ದಿನ, ನಾನೇನು ಕದ್ದಿದ್ದೇನಾ ಎನ್ನಿಸಿ, ವರಾಂಡದಲ್ಲೇ ನಡೆದೆ.

ಒಳಗಿನಿಂದ ಹೊಸ ಮೇಷ್ಟ್ರ ಧ್ವನಿ ಕೇಳುತ್ತಿತ್ತು. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಏನೋ ಪ್ರಶ್ನೆ ಕೇಳಿದ. ತಣ್ಣಗಾಯಿತು. ಆಮೇಲೆ ಟಿಣ್.

"ಇನ್ನೂ ಆಗಿಲ್ಲ ಸರ್."

ಯಾರ ಧ್ವನಿ ಎಂದು ಹೇಳಬೇಕಾಗಿಲ್ಲ. ನಾನು ಅಲ್ಲೇ ನಿಂತೆ.

"ಟೈಮ್ ಮುಗೀತಮ್ಮ. ಮುಂದಿನ ಚಟುವಟಿಕೆಗೆ ಹೋಗ್ಬೇಕು." ಟಿಣ್.

"ಆಗಿಲ್ಲ ಅಂದ್ನಲ್ಲ ಸರ್!"

ಈ ಸಲ ಅವಳು ಕೇಳಿಕೊಳ್ಳುತ್ತಿರಲಿಲ್ಲ, ಜಗಳ ಆಡುತ್ತಿದ್ದಳು. ಎರಡು ವರ್ಷ ಪೆನ್ಸಿಲ್ ಕೆಳಗಿಟ್ಟು ಕೂರುತ್ತಿದ್ದ ಹುಡುಗಿ! ಆಮೇಲೆ ಹಿಂದಿನ ಬೆಂಚಿನಿಂದ ಇನ್ನೊಂದು ಧ್ವನಿ, "ನಂಗೂ ಆಗಿಲ್ಲ ಸರ್." ಕಿಟಕಿಯ ಕಡೆಯಿಂದ ಮತ್ತೊಂದು. ಮುಂದಿನ ಬೆಂಚಿನ ಆ ಚೂಟಿ ಹುಡುಗ, ಎಲ್ಲವನ್ನೂ ಮೊದಲೇ ಮುಗಿಸುವವನು, "ನಂದು ಆಗಿದೆ, ಆದ್ರೆ ಕಾಯ್ತೀವಿ ಸರ್, ಇಲ್ಲಿ ಹಾಗೇನೇ," ಎಂದ.

ಹೊಸ ಮೇಷ್ಟ್ರು ಬಾಗಿಲಿಗೆ ಬಂದ, ಯಾರಾದರೂ ದೊಡ್ಡವರು ಸಿಕ್ಕಾರೇನೋ ಎಂದು ವರಾಂಡದ ಎರಡೂ ಕಡೆ ನೋಡಿದ. ನಾನು ಸಿಕ್ಕಿದೆ. ಅವನ ಹಣೆಯಲ್ಲಿ ಬೆವರಿತ್ತು, ಗಂಟೆ ಕೈಯಲ್ಲೇ ಇತ್ತು.

"ಮೇಡಂ, ಮಕ್ಕಳು ಕೇಳ್ತಿಲ್ಲ. ಏನ್ ಮಾಡ್ಲಿ?"

"ಕಾಯಪ್ಪ," ಎಂದೆ.

"ಎಷ್ಟೊತ್ತು?"

"ಅವಳನ್ನೇ ಕೇಳು."

ಅವನು ಒಳಗೆ ಹೋದ. ಗಂಟೆಯನ್ನು ಎಲ್ಲಿಟ್ಟನೋ ಕಾಣಲಿಲ್ಲ, ಸದ್ದು ಮಾತ್ರ ಮತ್ತೆ ಬರಲಿಲ್ಲ. ಇದಕ್ಕೂ ಒಂದು ಹಾಳೆ ಬರುತ್ತದೆ, ಅವನಿಗೂ ಒಂದು ಷರಾ ಬರುತ್ತದೆ, ನೆನೆದರೆ ಮೈ ಉರಿಯುತ್ತದೆ. ಒಳಗೆ ಹೋಗುವ ಹಕ್ಕು ನನಗಿರಲಿಲ್ಲ. ಬೀಗದ ಕೈ ತರುವುದನ್ನು ಬಿಟ್ಟು, ಕಿಟಕಿಯ ಸಂದಿನಿಂದ ಕಾಣುತ್ತಿದ್ದ ಆ ಗಡಿಯಾರದ ಕೆಂಪು ಮುಳ್ಳನ್ನು ನೋಡುತ್ತ ಅಲ್ಲೇ ನಿಂತೆ. ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ಆಮೆ ಎದ್ದು ನಿಂತು, "ಈಗ ಆಯ್ತು ಸರ್," ಎಂದಳು.